ಹದಿನಾರು ಗುಂಡಿಯಲ್ಲಿ ಝಪ್‌ತಾಲ: ಮೂರನೇ ವಾರ

ಈ ವಾರ ಕಂಪ್ಯೂಟರ್ ಹಚ್ಚಲೇ ಇಲ್ಲ. ಮೇಜಿನ ಮೇಲೆ ಮೂರೇ ಸಾಮಾನು. ತಾಳಕ್ಕೆ ಕೋರ್ಗ್ ವೋಲ್ಕಾ ಬೀಟ್ಸ್ ಎಂಬ ಪುಟ್ಟ ಡ್ರಮ್ ಯಂತ್ರ, ಸ್ವರಕ್ಕೆ ಎಸ್‌ಕ್ಯೂ-1 ಸೀಕ್ವೆನ್ಸರ್ (ಸಾಲಾಗಿ ಕೂರಿಸಿದ ಸ್ವರಗಳನ್ನು ಒಂದೊಂದಾಗಿ ಕಳಿಸುವ ಪೆಟ್ಟಿಗೆ), ಅದು ಹೇಳಿದಂತೆ ನುಡಿಯಲು ಒಂದು ಹಳೇ ಕೀಬೋರ್ಡ್. ಗಣಪತಿ ಹಬ್ಬಕ್ಕೆ ಓಣಿಯಲ್ಲಿ ಐದು ನಿಮಿಷ ಬಾರಿಸಬೇಕು.

ವೋಲ್ಕಾದಲ್ಲಿ ಹದಿನಾರು ಸ್ಟೆಪ್, ಒಂದೊಂದು ಗುಂಡಿ ಒಂದೊಂದು ಮಾತ್ರೆ. ಹದಿನಾರು ಮಾತ್ರೆಯ ತೀನ್‌ತಾಲಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಧಾರವಾಡದಲ್ಲಿ ಬೆಳೆದವನಿಗೆ ಅಷ್ಟಕ್ಕೇ ಸಮಾಧಾನ ಆಗುತ್ತಾ? 'ಆ್ಯಕ್ಟಿವ್ ಸ್ಟೆಪ್'ಗೆ ಹೋಗಿ ಕೊನೆಯ ಆರು ಸ್ಟೆಪ್ ಸುತ್ತಿನಿಂದ ತೆಗೆದುಹಾಕಿದೆ. ಉಳಿದ ಹತ್ತು ಝಪ್‌ತಾಲ: ಎರಡು, ಮೂರು, ಎರಡು, ಮೂರು. ಎಸ್‌ಕ್ಯೂ-1ರಲ್ಲಿ ಮಾತ್ರ ಎಂಟೆಂಟರ ಎರಡೂ ಸಾಲು ಸೇರಿಸಿ ಹದಿನಾರೇ ಇಟ್ಟೆ. ಎರಡರ ವೇಗ ಒಂದೇ ಇಡುವ ಸಿಂಕ್ ವೈರ್ ಚುಚ್ಚಿ ಓಡಿಸಿದೆ. ಮೊದಲ ಸುತ್ತಿಗೇ ಒಂದರ ಕೈ ಒಂದು ಬಿಟ್ಟಿತು. ಬೆರಳು ಮಡಚಿ ಎಣಿಸುತ್ತಾ ಕೂತೆ. ತಾಳ ಎಂಟು ಸುತ್ತು, ಸ್ವರ ಐದು ಸುತ್ತು. 80ನೇ ಸ್ಟೆಪ್ ಮುಗಿಯುತ್ತಲೇ ಎರಡೂ ಒಟ್ಟಿಗೆ ಸಮಕ್ಕೆ, ಅಂದರೆ ಮೊದಲ ಮಾತ್ರೆಗೆ, ಬಂದವು. ಕೈ ತಾನಾಗಿಯೇ ತೊಡೆ ತಟ್ಟಿತು! ಕಂಪ್ಯೂಟರಿನಲ್ಲೂ ಇದು ಆಗುತ್ತದೆ, ನಿಜ. ಅಲ್ಲಿ ಕಣ್ಣಿಗೆ ಮೊದಲೇ ಗೊತ್ತಾಗಿಬಿಡುತ್ತದೆ, ಕಿವಿ ಕಾಯುವುದಿಲ್ಲ.

ಮಂಗಳವಾರ ಮಳೆಗೆ ಕರೆಂಟ್ ಹೋಯಿತು. ಕೀಬೋರ್ಡ್ ಸುಮ್ಮನಾಯಿತು. ವೋಲ್ಕಾ ಆರು ಪೆನ್ಸಿಲ್ ಸೆಲ್ ಮೇಲೆ ನಡೆಯುತ್ತಲೇ ಇತ್ತು.

ಎಸ್‌ಕ್ಯೂ-1ರ ತೊಂದರೆ ಬೇರೆ. ಅದು ಸ್ವರಗಳನ್ನು ನೆನಪಿಡುವುದಿಲ್ಲ. ನಾಬ್ ಎಲ್ಲಿ ನಿಂತಿದೆಯೋ ಅದೇ ಸ್ವರ. ಭೂಪ್ ರಾಗ ಕೂರಿಸಲು ಒಂದು ಸಂಜೆ ಹೋಗಿತ್ತು. ಕೂದಲೆಳೆಯಷ್ಟು ಸರಿದರೂ ಗಂಧಾರ ಹೋಗಿ ಆ ರಾಗದಲ್ಲಿ ಇಲ್ಲದ ಮಧ್ಯಮ ಬರುತ್ತದೆ, ಅಲ್ಲಿಗೆ ಭೂಪ್ ಮುಗಿದಂತೆ. ಭಾನುವಾರ ಅಕ್ಕನ ಮಗಳು ಬಂದವಳೇ ಎಲ್ಲ ನಾಬ್ ತಿರುವಿ, "ಮಾಮಾ, ಸ್ಟೇಷನ್ನ ಹತ್ತವಲ್ದು" ಅಂದಳು. ಈಗ ದಿನಾ ಮಲಗುವ ಮುಂಚೆ ನಾಬ್‌ಗಳ ಫೋಟೋ ತೆಗೆದಿಡುತ್ತೇನೆ.

ಪಕ್ಕದ ಮನೆಯ ತಬಲಾ ಕಾಕಾ ಒಮ್ಮೆ ಕೇಳಿ ತಲೆ ಅಲ್ಲಾಡಿಸಿದರು. "ಲೆಕ್ಕ ಬರೋಬರಿ ಐತಿ ತಮ್ಮಾ. ಖಾಲಿ ಎಲ್ಲೈತಿ?"

ಮಾತು ನಾಟಿತು. ಖಾಲಿ ಅಂದರೆ ತಾಳ ಹಗುರಾಗುವ ಜಾಗ, ಝಪ್‌ತಾಲದಲ್ಲಿ ಆರನೇ ಮಾತ್ರೆ. ವೋಲ್ಕಾದಲ್ಲಿ ಒಂದು ಡ್ರಮ್ಮಿನ ಪೆಟ್ಟುಗಳಿಗೆಲ್ಲ ಒಂದೇ ತೂಕ. ಸಮಕ್ಕೂ ಅದೇ, ಖಾಲಿಗೂ ಅದೇ. ರಾತ್ರಿ ಆರು ಮತ್ತು ಏಳನೇ ಸ್ಟೆಪ್ಪಿನಿಂದ ಕಿಕ್ (ದಪ್ಪ ದನಿಯ ಡ್ರಮ್) ತೆಗೆದು ನೋಡಿದೆ. ಎಂಟಕ್ಕೆ ಅದು ಮತ್ತೆ ಬಂದಾಗ ಎದೆಗೆ ಸ್ವಲ್ಪ ತಾಗುತ್ತದೆ. ಮೀಂಡಿನ ಆಸೆ ಸದ್ಯಕ್ಕೆ ಬಿಟ್ಟಿದ್ದೇನೆ. ನನ್ನ ಕೀಬೋರ್ಡಿಗೆ ಹೋಗುವುದು ಬಿಡಿ ಬಿಡಿ ಸ್ವರ ಮಾತ್ರ, ನಡುವಿನ ಜಾರು ದಾರಿ ಅದಕ್ಕೆ ಗೊತ್ತಿಲ್ಲ.

ನಾಳೆ ಕಾಕಾಗೆ ಇನ್ನೊಮ್ಮೆ ಕೇಳಿಸಬೇಕು. ಚಹಾ ಮೊದಲು.