ಆರ್ಲಿಂಗ್ಟನ್‌ನಿಂದ ಕರಿಕಲ್ಲಿನ ಗೋಡೆಯವರೆಗೆ

ಮಗಳು, ಅಳಿಯ ಅಮೆರಿಕದ ವರ್ಜೀನಿಯಾದಲ್ಲಿ ನೆಲೆಸಿ ಹತ್ತೊಂಬತ್ತು ವರ್ಷಗಳಾಗಿದ್ದರೂ ನಾವು ಗಂಡ ಹೆಂಡತಿ ಅಲ್ಲಿಗೆ ಹೊರಟಿದ್ದು 2024ರ ಏಪ್ರಿಲ್‌ನಲ್ಲಿ, ಮೊಮ್ಮಗನಿಗೆ ಹದಿನೆಂಟು ತುಂಬುವ ಹೊತ್ತಿಗೆ. ಮಕ್ಕಳ ಮನೆಗೆಂದು ಹೋಗುವ ನಮ್ಮಂಥ ಹಿರಿಯರು ನಯಾಗರ, ನ್ಯೂಯಾರ್ಕ್ ನೋಡಿ ಬರುತ್ತಾರೆ. ವಾಷಿಂಗ್ಟನ್‌ಗೆ ಹೋದರೂ ಶ್ವೇತಭವನದ ಬೇಲಿಯ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಆ ಊರಿನಲ್ಲಿ ಒಂದು ಇಡೀ ದಿನವನ್ನು ಆರ್ಲಿಂಗ್ಟನ್ ಸೇನಾ ಸ್ಮಶಾನಕ್ಕೂ ವಿಯೆಟ್ನಾಂ ಯೋಧರ ಸ್ಮಾರಕಕ್ಕೂ ಮೀಸಲಿಡಿ, ಎರಡನ್ನೂ ಒಂದೇ ದಿನ ನೋಡಿ ಎಂದು ಕೇಳಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪ್ರಯಾಣದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬೆಂಗಳೂರಿನಿಂದ ಹೊರಟವರು ದೋಹಾ, ಅಬುಧಾಬಿ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ಡಲ್ಲೆಸ್ ನಿಲ್ದಾಣದಲ್ಲಿ ಇಳಿಯಬಹುದು. ನಡುವೆ ಮೂರು ಗಂಟೆಯಾದರೂ ಬಿಡುವಿರುವ ಟಿಕೆಟ್ಟನ್ನೇ ತೆಗೆದುಕೊಳ್ಳಿ, ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ತಿಳಿಸಿ. ಮಾತ್ರೆಗಳೂ ವೈದ್ಯರ ಚೀಟಿಯೂ ಕೈಚೀಲದಲ್ಲಿರಲಿ. ಚಟ್ನಿಪುಡಿಯೇ ಇರಲಿ, ತಿನ್ನುವ ಪದಾರ್ಥ ಏನಿದ್ದರೂ ಕಸ್ಟಮ್ಸ್‌ನವರು ಕೇಳಿದಾಗ ಮುಚ್ಚಿಡದೆ ಹೇಳಿಬಿಡಿ.

ಏಪ್ರಿಲ್ 24 ಮೊಮ್ಮಗನ ಹುಟ್ಟುಹಬ್ಬ. ಮರುದಿನ ರಾತ್ರಿ ಊಟದ ಮೇಜಿನ ಮೇಲೆಯೇ ಅವನು ಲ್ಯಾಪ್‌ಟಾಪ್ ತೆರೆದು ಒಂದು ಅರ್ಜಿ ತುಂಬಿದ. ಅಮೆರಿಕದಲ್ಲಿ ಕಡ್ಡಾಯ ಸೇನಾಸೇವೆ 1973ಕ್ಕೇ ನಿಂತಿದೆ. ಆದರೆ ಮುಂದೊಂದು ದಿನ ಬೇಕಾದರೆ ಇರಲಿ ಎಂದು ಹದಿನೆಂಟಾದ ಗಂಡುಮಕ್ಕಳ ಹೆಸರು ನೋಂದಾಯಿಸುವ ಪದ್ಧತಿ 1980ರಿಂದ ಮತ್ತೆ ಜಾರಿಯಲ್ಲಿದೆ. ಎರಡೇ ನಿಮಿಷದ ಕೆಲಸ. ಮಗಳು ಮಾತ್ರ ತಟ್ಟೆಯಲ್ಲಿದ್ದ ಅನ್ನವನ್ನು ಕಲಸುತ್ತಲೇ ಇದ್ದಳು, ಒಂದು ತುತ್ತೂ ಬಾಯಿಗಿಡಲಿಲ್ಲ.

ನನಗೆ ನೆನಪಾದದ್ದು ನಮ್ಮಣ್ಣ. 1971ರ ಡಿಸೆಂಬರ್‌ನಲ್ಲಿ ಪಶ್ಚಿಮದ ಗಡಿಯಲ್ಲಿ ಅವನು ಮಡಿದ. ಚಾಮರಾಜನಗರದ ಪಕ್ಕದ ನಮ್ಮೂರಿಗೆ ತಂತಿ ತಂದ ಅಂಚೆಯವರು ಅದನ್ನು ಓದಿ ಹೇಳಲಾರದೆ ನಮ್ಮ ಜಗಲಿಯ ಮೇಲೆ ಕುಳಿತುಬಿಟ್ಟಿದ್ದರು. ಅವನ ದೇಹ ಊರಿಗೆ ಬರಲಿಲ್ಲ. ದೆಹಲಿಯಲ್ಲಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಆದ ಮೇಲೆ, ಅಲ್ಲಿನ ತ್ಯಾಗ ಚಕ್ರದ ಗೋಡೆಯಲ್ಲಿ ಅವನ ಹೆಸರನ್ನು ಬೆರಳಿನಿಂದ ಮುಟ್ಟಿ ಬಂದಿದ್ದೇನೆ.

ಆ ಶನಿವಾರ ನಾವೆಲ್ಲ ಸಿಲ್ವರ್ ಲೈನ್ ಮೆಟ್ರೊ ಹಿಡಿದು ರಾಸ್ಲಿನ್‌ನಲ್ಲಿ ಇಳಿದು, ಅಲ್ಲಿಂದ ಬ್ಲೂ ಲೈನ್‌ನಲ್ಲಿ ಒಂದೇ ನಿಲ್ದಾಣ ದೂರವಿರುವ ಆರ್ಲಿಂಗ್ಟನ್ ಸ್ಮಶಾನಕ್ಕೆ ಹೋದೆವು. ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ, ಆದರೆ ಭದ್ರತಾ ತಪಾಸಣೆ ಇರುತ್ತದೆ, ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಒಳಗೆ ನೀರಿನ ಹೊರತು ಏನನ್ನೂ ತಿನ್ನುವ ಕುಡಿಯುವ ಹಾಗಿಲ್ಲವಾದ್ದರಿಂದ ತಿಂಡಿ ಮುಗಿಸಿಯೇ ಹೋಗಿ. ದಾರಿ ಏರು, ಮಂಡಿನೋವಿದ್ದವರು ಹಣ ಕೊಟ್ಟು ಒಳಗಿನ ಬಸ್ಸಿನಲ್ಲಿ ಹೋಗುವುದು ಮೇಲು, ನನ್ನ ಹೆಂಡತಿ ಹಾಗೆಯೇ ಮಾಡಿದಳು. ಸುಮಾರು ನಾಲ್ಕು ಲಕ್ಷ ಮಂದಿ ಅಲ್ಲಿ ಮಲಗಿದ್ದಾರೆ. ಬಿಳಿಯ ಕಲ್ಲುಗಳು ಎಲ್ಲಿ ನಿಂತು ನೋಡಿದರೂ ಗೆರೆ ಎಳೆದಂತೆ ಕಾಣುತ್ತವೆ. ಅಜ್ಞಾತ ಯೋಧನ ಸಮಾಧಿಯ ಮುಂದೆ ಹಗಲೂ ರಾತ್ರಿಯೂ ಕಾವಲುಗಾರನಿರುತ್ತಾನೆ: ಇಪ್ಪತ್ತೊಂದು ಹೆಜ್ಜೆ ನಡೆದು, ತಿರುಗಿ, ಇಪ್ಪತ್ತೊಂದು ಸೆಕೆಂಡು ನಿಂತು, ಮತ್ತೆ ಇಪ್ಪತ್ತೊಂದು ಹೆಜ್ಜೆ. ಕಾವಲು ಬದಲಾಗುವುದನ್ನು ತಪ್ಪದೆ ನೋಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಗಂಟೆಗೊಮ್ಮೆ, ಉಳಿದ ತಿಂಗಳುಗಳಲ್ಲಿ ಗಂಟೆಗೊಮ್ಮೆ ಅದು ನಡೆಯುತ್ತದೆ. ಅಲ್ಲಿ ವಿಯೆಟ್ನಾಂ ಯುದ್ಧದ ಅಜ್ಞಾತ ಯೋಧನಿಗೆಂದು ಇದ್ದ ಗೋರಿ ಈಗ ಖಾಲಿ. ಒಳಗಿದ್ದವನು ಯಾರೆಂದು 1998ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತಿಳಿದು, ಮನೆಯವರು ಅವನನ್ನು ಕರೆದೊಯ್ದರು. ಆ ಖಾಲಿ ಗೋರಿಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ಇಲ್ಲಿಂದ ಮುಂದೆ ಮೆಟ್ರೊ ಹತ್ತಬೇಡಿ ಎಂಬುದು ನನ್ನ ಮುಖ್ಯ ಸಲಹೆ. ಸ್ಮಶಾನದ ಬಾಗಿಲಿನಿಂದ ನೇರವಾಗಿ ಹೋಗುವ ಮೆಮೋರಿಯಲ್ ಸೇತುವೆಯ ಮೇಲೆ ಪೊಟೊಮ್ಯಾಕ್ ನದಿಯನ್ನು ದಾಟಿ, ಲಿಂಕನ್ ಸ್ಮಾರಕದವರೆಗೆ ಸುಮಾರು ಒಂದೂವರೆ ಕಿಲೋಮೀಟರ್ ನಡೆಯಿರಿ. 1969ರ ನವೆಂಬರ್ 13ರ ಸಂಜೆಯಿಂದ 15ರ ಬೆಳಗಿನವರೆಗೆ ನಲವತ್ತು ಸಾವಿರದಷ್ಟು ಜನ ಆರ್ಲಿಂಗ್ಟನ್‌ನಿಂದ ಒಬ್ಬರ ಹಿಂದೆ ಒಬ್ಬರಂತೆ ಹೊರಟು ಇದೇ ಸೇತುವೆಯನ್ನು ದಾಟಿದ್ದರು. ವಿಯೆಟ್ನಾಂನಲ್ಲಿ ಸತ್ತ ಒಬ್ಬೊಬ್ಬ ಸೈನಿಕನ ಹೆಸರು ಬರೆದ ಫಲಕವನ್ನು ಕೊರಳಿಗೆ ಹಾಕಿಕೊಂಡು, ಶ್ವೇತಭವನದ ಮುಂದೆ ಆ ಹೆಸರನ್ನು ಕೂಗಿ ಹೇಳಿ, ಕೊನೆಗೆ ಸಂಸತ್ ಭವನದ ಬಳಿ ಇಟ್ಟಿದ್ದ ಶವಪೆಟ್ಟಿಗೆಗಳಲ್ಲಿ ಫಲಕಗಳನ್ನು ಹಾಕಿದರು. ಯುದ್ಧ ಬೇಡವೆಂದವರಿಗೆ ಸೈನಿಕರ ಮೇಲೆ ಗೌರವವಿಲ್ಲ ಎಂದು ಹೇಳುವವರನ್ನು ನಮ್ಮಲ್ಲೂ ಕೇಳಿದ್ದೇನೆ. ಅಣ್ಣನನ್ನು ಕಳೆದುಕೊಂಡ ನಾನು ಆ ಮಾತನ್ನು ಒಪ್ಪುವುದಿಲ್ಲ. ಸತ್ತವನ ಹೆಸರನ್ನು ಕೊರಳಿಗೆ ಕಟ್ಟಿಕೊಂಡು ನವೆಂಬರಿನ ಚಳಿಯಲ್ಲಿ ನಡೆದವರು ಅವನನ್ನು ಅಗೌರವಿಸಿದರೆಂದು ಹೇಗೆ ಹೇಳುವುದು?

ಲಿಂಕನ್ ಸ್ಮಾರಕದ ಮೆಟ್ಟಿಲಿಳಿದು ಎಡಕ್ಕೆ ತಿರುಗಿದರೆ ವಿಯೆಟ್ನಾಂ ಯೋಧರ ಸ್ಮಾರಕದ ಗೋಡೆ. ದೂರಕ್ಕೆ ಕಾಣುವುದೇ ಇಲ್ಲ, ನೆಲ ತಗ್ಗುತ್ತ ಹೋದಂತೆ ಗೋಡೆ ಏರುತ್ತ ಹೋಗಿ ನಡುವೆ 10 ಅಡಿ ಮೀರುತ್ತದೆ. 1982ರಲ್ಲಿ ಇದು ಸಿದ್ಧವಾಯಿತು. ವಿನ್ಯಾಸ ಮಾಡಿದ ಮಾಯಾ ಲಿನ್ ಆಯ್ಕೆಯಾದಾಗ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿನಿ. 58,000ಕ್ಕೂ ಹೆಚ್ಚು ಹೆಸರುಗಳು ಅಕ್ಷರಾನುಕ್ರಮದಲ್ಲಲ್ಲ, ಸತ್ತ ದಿನದ ಅನುಕ್ರಮದಲ್ಲಿವೆ. ನಿಮ್ಮ ಮಕ್ಕಳ ನೆರೆಹೊರೆಯವರು ಯಾರಾದರೂ ತಮ್ಮವರ ಹೆಸರನ್ನು ಹುಡುಕಲು ಕೊಟ್ಟಿದ್ದರೆ, ಗೋಡೆಯ ತುದಿಯಲ್ಲಿರುವ ಪುಸ್ತಕದಲ್ಲಿ ಮೊದಲು ಫಲಕದ ಸಂಖ್ಯೆಯನ್ನೂ ಸಾಲನ್ನೂ ನೋಡಿಕೊಳ್ಳಿ. ಸ್ವಯಂಸೇವಕರು ಕಾಗದ, ಪೆನ್ಸಿಲ್ ಕೊಡುತ್ತಾರೆ. ಹೆಸರಿನ ಮೇಲೆ ಕಾಗದವಿಟ್ಟು ಉಜ್ಜಿದರೆ ಅಚ್ಚು ಮೂಡುತ್ತದೆ.

ಕರಿಕಲ್ಲಿನ ಕ್ವಾರಿಗಳನ್ನು ನೋಡುತ್ತಲೇ ಬೆಳೆದ ನನಗೆ ಆ ಕಲ್ಲು ಗುರುತಿನದೆನಿಸಿತು. ಅದು ಬೆಂಗಳೂರಿನ ಕಡೆಯಿಂದಲೇ ಹೋದದ್ದು. ಕೆನಡಾ, ಸ್ವೀಡನ್‌ಗಳಲ್ಲೂ ಒಳ್ಳೆಯ ಕಪ್ಪು ಗ್ರಾನೈಟ್ ಇತ್ತು. ಆದರೆ ಯುದ್ಧಕ್ಕೆ ಹೋಗಲೊಪ್ಪದ ಹುಡುಗರು ಓಡಿಹೋಗಿ ಆಶ್ರಯ ಪಡೆದದ್ದು ಆ ದೇಶಗಳಲ್ಲೇ ಎಂಬ ಕಾರಣಕ್ಕೆ ಅಲ್ಲಿನ ಕಲ್ಲು ಬೇಡವೆನಿಸಿತು. ಒಲ್ಲೆನೆಂದವರ ಹೆಸರು ಆ ಗೋಡೆಯ ಮೇಲಿಲ್ಲ, ಸತ್ತ ಲಕ್ಷಾಂತರ ವಿಯೆಟ್ನಾಮಿಗಳ ಹೆಸರೂ ಇಲ್ಲ. ಆದರೂ ನಮ್ಮ ನೆಲದ ಕಲ್ಲು ಅಲ್ಲಿ ನಿಂತಿರುವುದಕ್ಕೆ ಆ ಒಲ್ಲೆನೆಂದವರೂ ಕಾರಣ. ನುಣುಪಾದ ಕಲ್ಲಿನಲ್ಲಿ ಹೆಸರುಗಳ ಹಿಂದೆ ನನ್ನ ಮುಖ, ಅದರ ಪಕ್ಕದಲ್ಲಿ ಮೊಮ್ಮಗನ ಮುಖ ಕಾಣುತ್ತಿತ್ತು.

"ತಾತ, ದೊಡ್ಡ ತಾತ ಅವರಾಗಿಯೇ ಸೇನೆಗೆ ಸೇರಿದ್ದರಾ?" ಎಂದು ಕೇಳಿದ. ಹೌದೆಂದೆ. 1969ರ ಡಿಸೆಂಬರ್ 1ರಂದು ವರ್ಷದ 366 ದಿನಾಂಕಗಳನ್ನೂ ಗಾಜಿನ ಪಾತ್ರೆಗೆ ಹಾಕಿ ಚೀಟಿ ಎತ್ತಿದ್ದನ್ನೂ, ಯಾರ ಹುಟ್ಟಿದ ದಿನ ಮೊದಲು ಬಂತೋ ಅವರನ್ನು ಆಗಿನ ಕಡ್ಡಾಯ ಸೇನಾಸೇವೆಗೆ ಮೊದಲು ಕರೆಯುವುದೆಂಬ ನಿಯಮವನ್ನೂ ಅವನು ಓದಿಕೊಂಡಿದ್ದ. ಫೋನಿನಲ್ಲಿ ಆ ಪಟ್ಟಿಯನ್ನು ತೆರೆದು ನನ್ನ ಮುಂದೆ ಹಿಡಿದ. ಮೊದಲು ಬಂದದ್ದು ಸೆಪ್ಟೆಂಬರ್ 14, ಎರಡನೆಯದು ಏಪ್ರಿಲ್ 24.

ಮಗಳು ಅದನ್ನು ನೋಡಲಿಲ್ಲ, ನಾವೂ ಹೇಳಲಿಲ್ಲ. ಅಲ್ಲಿಂದ ಫಾಗಿ ಬಾಟಮ್ ಮೆಟ್ರೊ ನಿಲ್ದಾಣಕ್ಕೆ ಇಪ್ಪತ್ತೈದು ನಿಮಿಷದ ನಡಿಗೆ. ಅಷ್ಟೂ ದೂರ ಅವನು ನನ್ನ ಕೈ ಹಿಡಿದುಕೊಂಡೇ ನಡೆದ.