ಚೋಮನ ಮನೆಯ ಹೆಸರುಗಳು

'ಚೋಮನ ದುಡಿ' ಮತ್ತೆ ಓದುತ್ತಿದ್ದೇನೆ. ಕಾರಂತರು 1933ರಲ್ಲಿ ಬರೆದದ್ದು. ಈ ಸಲ ಕತೆಗಿಂತ ಜಾಸ್ತಿ ಕಾಡಿದ್ದು ಅದರಲ್ಲಿರುವ ಹೆಸರುಗಳು. ಚೋಮ ಅಂದರೆ ಸೋಮವಾರದವನು. ಮಕ್ಕಳಲ್ಲಿ ಚನಿಯ ಶನಿವಾರದವನು, ಗುರುವ ಗುರುವಾರದವನು. ತುಳುನಾಡಿನಲ್ಲಿ ದಲಿತರ ಮನೆಗಳಲ್ಲಿ ಹುಟ್ಟಿದ ವಾರವೇ ಹೆಸರಾಗುತ್ತಿತ್ತು, ಮಂಗಳವಾರ ಹುಟ್ಟಿದರೆ ಅಂಗಾರ, ಶುಕ್ರವಾರವಾದರೆ ತುಕ್ರ, ಭಾನುವಾರವಾದರೆ ಐತ, ಹೀಗೆ. ಕಾರಂತರು ಹೆಸರು ಹುಡುಕಿಕೊಂಡು ಎಲ್ಲೂ ಹೋಗಬೇಕಿರಲಿಲ್ಲ, ಸುತ್ತಲಿನ ಗದ್ದೆಗಳಲ್ಲೇ ಇದ್ದವು.

ಅದೇ ಕಾದಂಬರಿಯಲ್ಲಿ ಧಣಿಯ ಹೆಸರು ಸಂಕಪ್ಪಯ್ಯ. ಅಪ್ಪನೂ ಅಯ್ಯನೂ ಎರಡೂ ಒಂದೇ ಹೆಸರಲ್ಲಿ, ನೋಡಿ! ಬಯ್ಯುವಾಗಲೂ ಮರ್ಯಾದೆ ಕೊಟ್ಟೇ ಕರೆಯಬೇಕು, ಅಲ್ವಾ? ಚೋಮನನ್ನು ಮಾತ್ರ ಯಾರು ಬೇಕಾದರೂ 'ಚೋಮಾ' ಅಂತ ಕೂಗಬಹುದು. ಬೇಸಾಯ ಮಾಡಬೇಕು ಅನ್ನುವ ಅವನ ಆಸೆ ಯಾಕೆ ಈಡೇರಲಿಲ್ಲ ಅನ್ನುವುದು ಈ ಎರಡು ಹೆಸರು ಅಕ್ಕಪಕ್ಕ ಇಟ್ಟರೇ ಅರ್ಧ ಗೊತ್ತಾಗುತ್ತದೆ. ಇದನ್ನು ಓದುವಾಗ ನನಗೆ ನಿಜಕ್ಕೂ ಸಂಕಟವಾಯಿತು.

ಐತ ಅನ್ನುವ ಹೆಸರು 'ಮಲೆಗಳಲ್ಲಿ ಮದುಮಗಳು' ಓದಿದವರಿಗೂ ನೆನಪಿರಬೇಕು. ಅಲ್ಲೂ ಅವನು ಆಳೇ.

ತುಳುನಾಡಿನ ಗೆಳೆಯರೇ, ನಿಮ್ಮೂರಲ್ಲಿ ಈಗಲೂ ಇಂಥ ಹೆಸರಿನ ಹಿರಿಯರಿದ್ದಾರಾ?