ಐವತ್ತು ಪುಸ್ತಕ ಓದಿದ ಮಗು ಎಷ್ಟು ಓದಿತು?

ಎಂಟನೆಯ ವಯಸ್ಸಿಗಾಗಲೇ ನಾನು ಅರಬ್ಬಿಯನ್ನು ತಡೆಯಿಲ್ಲದೆ ಓದುತ್ತಿದ್ದೆ. ಓದಿದ್ದರಲ್ಲಿ ಒಂದು ಮಾತಿನ ಅರ್ಥವೂ ನನಗೆ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಕನ್ನಡ, ಶಾಲೆಗೆ ಹೋಗುವ ಮುಂಚೆ ಬೆಳಗಿನ ಹೊತ್ತು ಮದ್ರಸದಲ್ಲಿ ಅರಬ್ಬಿ ಎಂಬುದು ಮಂಗಳೂರು ಕಡೆಯ ನಮ್ಮಂಥ ಮಕ್ಕಳ ದಿನಚರಿ. ಅಕ್ಷರ, ಅದರ ಮೇಲೆ ಕೆಳಗೆ ಬರುವ ಸ್ವರಚಿಹ್ನೆ, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಉಸ್ತಾದರು ಪಟ್ಟು ಹಿಡಿದು ಕಲಿಸಿದರು. ಪಠಣ ಶುದ್ಧವಾಗಿರಬೇಕೆಂಬುದೇ ಅಲ್ಲಿಯ ಉದ್ದೇಶವಾಗಿತ್ತು, ಅದು ಈಡೇರಿತು, ಆ ಬಗ್ಗೆ ನನ್ನ ದೂರಿಲ್ಲ. ಆದರೆ ಮುಂದೆ ಶಾರ್ಜಾದ ಒಂದು ಖಾಸಗಿ ಶಾಲೆಯ ಗ್ರಂಥಾಲಯದಲ್ಲಿ ಆರು ವರ್ಷ ಕೆಲಸ ಮಾಡುವಾಗ, ಅರಬ್ಬಿಯನ್ನೇ ತಾಯ್ನುಡಿಯೆಂದು ಬರೆಸಿಕೊಂಡ ಮಕ್ಕಳು ಪುಸ್ತಕ ಹಿಡಿದು ಗಟ್ಟಿಯಾಗಿ ಓದುವುದನ್ನು ಕೇಳಿದಾಗಲೆಲ್ಲ ನನ್ನ ಮದ್ರಸದ ದಿನಗಳು ನೆನಪಾಗುತ್ತಿದ್ದವು.

ಆ ಶಾಲೆಯಲ್ಲಿ ಈಜಿಪ್ಟ್, ಸಿರಿಯಾ, ಜೋರ್ಡಾನ್, ಸುಡಾನ್ ಮೂಲದ ಮಕ್ಕಳು ಹೆಚ್ಚಾಗಿದ್ದರು. ವರ್ಷದ ಮೊದಲರ್ಧವೆಲ್ಲ ನಮ್ಮ ಗ್ರಂಥಾಲಯವನ್ನು ಆಳುತ್ತಿದ್ದುದು ಅರಬ್ ರೀಡಿಂಗ್ ಚಾಲೆಂಜ್. ದುಬೈಯ ಆಡಳಿತಗಾರ ಶೇಖ್ ಮೊಹಮ್ಮದ್ ಬಿನ್ ರಶೀದ್ ಅಲ್ ಮಕ್ತೂಮ್ ಅವರು 2015ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ ಈ ಸ್ಪರ್ಧೆಯ ನಿಯಮ ಸರಳ. ಪ್ರತಿ ವಿದ್ಯಾರ್ಥಿ ಪಠ್ಯೇತರವಾದ 50 ಅರಬ್ಬಿ ಪುಸ್ತಕಗಳನ್ನು ಓದಬೇಕು. ಒಂದೊಂದರ ಸಾರಾಂಶವನ್ನೂ ‘ಪಾಸ್‌ಪೋರ್ಟ್’ ಎಂದು ಕರೆಯುವ ಪುಸ್ತಿಕೆಯಲ್ಲಿ ಬರೆಯಬೇಕು. ಹತ್ತು ಪುಸ್ತಕಗಳಿಗೆ ಒಂದರಂತೆ ಕೆಂಪು, ಹಸಿರು, ನೀಲಿ, ಬೆಳ್ಳಿ, ಚಿನ್ನದ ಬಣ್ಣದ ಐದು ಪಾಸ್‌ಪೋರ್ಟ್‌ಗಳು ತುಂಬಬೇಕು. ಆಮೇಲೆ ಶಾಲೆ, ಜಿಲ್ಲೆ, ದೇಶದ ಮಟ್ಟದ ಸುತ್ತುಗಳು, ಕೊನೆಗೆ ದುಬೈಯಲ್ಲಿ ಅಂತಿಮ ಹಣಾಹಣಿ. 2016ರಲ್ಲಿ ಮೊದಲ ಬಾರಿ ಗೆದ್ದವನು ಅಲ್ಜೀರಿಯಾದ ಏಳು ವರ್ಷದ ಬಾಲಕ. 2022ರಲ್ಲಿ ಗೆದ್ದವಳು ಸಿರಿಯಾದ ಅಲೆಪ್ಪೊದಿಂದ ಬಂದ, ಅವಳೂ ಏಳೇ ವರ್ಷದ ಬಾಲಕಿ. ಆ ಪುಟ್ಟ ಹುಡುಗಿ ವೇದಿಕೆಯ ಮೇಲೆ ಶುದ್ಧ ಗ್ರಾಂಥಿಕ ಅರಬ್ಬಿಯಲ್ಲಿ ಅಂಜಿಕೆಯಿಲ್ಲದೆ ಮಾತನಾಡಿದ್ದನ್ನು ನೋಡಿದ ಯಾರೂ ಈ ಸ್ಪರ್ಧೆಯನ್ನು ಹಗುರವಾಗಿ ಕಾಣಲಾರರು. ನಾನೂ ಕಾಣುವುದಿಲ್ಲ.

ಆದರೆ ಗೆದ್ದ ಮಗುವನ್ನು ನೋಡಿ ಕಾರ್ಯಕ್ರಮಕ್ಕೆ ಅಂಕ ಕೊಡುವುದು, ರ‍್ಯಾಂಕ್ ಬಂದವನ ಫೋಟೊ ಹಾಕಿ ಇಡೀ ಶಾಲೆಯ ಕಲಿಕೆಯನ್ನು ಅಳೆದಂತೆ. ಕಾರ್ಯಕ್ರಮದ ಮೊದಲ ವರ್ಷದ ಗುರಿ ಹತ್ತು ಲಕ್ಷ ವಿದ್ಯಾರ್ಥಿಗಳು. ಸೇರಿದವರು 35 ಲಕ್ಷಕ್ಕೂ ಹೆಚ್ಚು. 2025ರ ಒಂಬತ್ತನೆಯ ಆವೃತ್ತಿಯ ಹೊತ್ತಿಗೆ ಆ ಸಂಖ್ಯೆ 3 ಕೋಟಿ 20 ಲಕ್ಷವನ್ನು ದಾಟಿತು. ಪ್ರತಿ ವರ್ಷ ಪತ್ರಿಕೆಗಳಲ್ಲಿ ದೊಡ್ಡದಾಗಿ ಬರುವುದು ಇದೇ ಸಂಖ್ಯೆ. ಇದು ನೋಂದಣಿಯ ಲೆಕ್ಕ. ಎಷ್ಟು ಮಕ್ಕಳ ಹೆಸರು ಕಾರ್ಯಕ್ರಮದಲ್ಲಿದೆ ಎಂಬುದನ್ನು ಇದು ಹೇಳುತ್ತದೆ, ಆ ಮಕ್ಕಳ ಓದಿನಲ್ಲಿ ಏನಾಯಿತೆಂಬುದನ್ನು ಹೇಳುವುದಿಲ್ಲ. ನಾನಿದ್ದ ಶಾಲೆಯಲ್ಲಿ ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳನ್ನೆಲ್ಲ ಒಂದೇ ಮಧ್ಯಾಹ್ನ ಕೂತು ನೋಂದಾಯಿಸಿದ್ದೆವು. ಅದರಲ್ಲಿ ನನ್ನ ಕೈಯೂ ಇತ್ತು ಎಂಬುದನ್ನು ಮುಚ್ಚಿಡಲಾರೆ.

ಏನನ್ನು ಎಣಿಸುತ್ತೇವೆಯೋ ಅದನ್ನೇ ಮಕ್ಕಳು ಒದಗಿಸುತ್ತಾರೆ. ಐದನೆಯ ತರಗತಿಯ ಹುಡುಗಿಯೊಬ್ಬಳು ಮೇಜಿನ ಮುಂದೆ ನಿಂತು, “ಮಿಸ್, ಇದಕ್ಕಿಂತ ತೆಳ್ಳಗಿನದು ಇಲ್ಲವೇ?” ಎಂದು ಕೇಳಿದ್ದಳು. ಅವಳ ಕೈಯಲ್ಲಿದ್ದುದು ಹದಿನಾರು ಪುಟದ ಪುಸ್ತಕ. ದಪ್ಪ ಪುಸ್ತಕ ಓದಿದರೂ ಒಂದೇ ಸಾರಾಂಶ, ತೆಳು ಪುಸ್ತಕ ಓದಿದರೂ ಒಂದೇ ಸಾರಾಂಶ ಎಂದ ಮೇಲೆ ಅವಳ ಲೆಕ್ಕಾಚಾರದಲ್ಲಿ ತಪ್ಪೇನೂ ಇಲ್ಲ. ಕಪಾಟಿನಲ್ಲಿದ್ದ ಒಳ್ಳೆಯ ಕಾದಂಬರಿಗಳು ಅಲುಗಾಡದೆ ಕೂತಿರುತ್ತಿದ್ದವು. ಹದಿನಾರು, ಇಪ್ಪತ್ನಾಲ್ಕು ಪುಟದ ಚಿತ್ರಕಥೆಗಳು ಬೆನ್ನು ಹರಿದು ಅಂಟುಪಟ್ಟಿಯ ಮೇಲೆ ಅಂಟುಪಟ್ಟಿ ಹಚ್ಚಿಸಿಕೊಳ್ಳುತ್ತಿದ್ದವು. ಇನ್ನು ಸಾರಾಂಶಗಳ ಕಥೆ. ಪುಸ್ತಕದ ಹಿಂಬದಿಯ ರಕ್ಷಾಪುಟದಲ್ಲಿರುವ ನಾಲ್ಕು ಸಾಲುಗಳನ್ನೇ ಮೂರು ತರಗತಿಗಳ ಮಕ್ಕಳು ಯಥಾವತ್ತಾಗಿ ಇಳಿಸಿ, ಕೊನೆಗೆ ‘ಈ ಕಥೆಯಿಂದ ನಾನು ಪ್ರಾಮಾಣಿಕತೆಯನ್ನು ಕಲಿತೆ’ ಎಂದು ಸೇರಿಸಿದ್ದನ್ನು ನಾನು ಕಂಡಿದ್ದೇನೆ. ಕೆಲವು ಪಾಸ್‌ಪೋರ್ಟ್‌ಗಳಲ್ಲಿ ಅಮ್ಮಂದಿರ ಅಕ್ಷರವನ್ನು ಗುರುತಿಸುವುದಕ್ಕೆ ತಜ್ಞರೇನೂ ಬೇಕಾಗಿರಲಿಲ್ಲ.

ಇವೆಲ್ಲ ಯಾವ ದೇಶದ, ಯಾವ ಭಾಷೆಯ ಸ್ಪರ್ಧೆಯಲ್ಲಾದರೂ ಆಗುವಂಥವು. ಅರಬ್ಬಿಯದೇ ಆದ ತೊಡಕು ಬೇರೆ ಇದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮೌಲ್ಯಮಾಪನ ನನ್ನ ದೃಷ್ಟಿಯಲ್ಲಿ ಅರ್ಧ ಕೆಲಸ.

ಕನ್ನಡದಲ್ಲಿ ‘ಕಿ’ ಎಂದು ಬರೆದರೆ ‘ಕಿ’ ಎಂದೇ ಓದಬೇಕು. ಗುಣಿತ ಕಲಿತ ಮಗುವಿಗೆ ಗೊತ್ತಿಲ್ಲದ ಪದವನ್ನೂ ಉಚ್ಚರಿಸುವ ದಾರಿ ಇದ್ದೇ ಇರುತ್ತದೆ. ಅರಬ್ಬಿಯ 28 ಅಕ್ಷರಗಳು ಮುಖ್ಯವಾಗಿ ವ್ಯಂಜನಗಳು. ದೀರ್ಘಸ್ವರಗಳಿಗೆ ಅಕ್ಷರಗಳುಂಟು, ಹ್ರಸ್ವಸ್ವರಗಳಿಗೆ ಅಕ್ಷರದ ಮೇಲೆ ಕೆಳಗೆ ಹಾಕುವ ಸಣ್ಣ ಗೀಟುಗಳಷ್ಟೆ. ಈ ಚಿಹ್ನೆಗಳು ಕುರ್‌ಆನಿನಲ್ಲಿ, ಎಳೆಯ ಮಕ್ಕಳ ಪುಸ್ತಕಗಳಲ್ಲಿ ಇರುತ್ತವೆ. ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳಿಗೆ ಬರುತ್ತಿದ್ದಂತೆ ಕಡಿಮೆಯಾಗುತ್ತ ಹೋಗಿ, ದೊಡ್ಡವರ ಪುಸ್ತಕ, ಪತ್ರಿಕೆಗಳಲ್ಲಿ ಇಲ್ಲವಾಗುತ್ತವೆ. ಕ, ತ, ಬ ಎಂಬ ಮೂರು ಅಕ್ಷರಗಳು ಚಿಹ್ನೆಯಿಲ್ಲದೆ ಕೂತಿದ್ದರೆ ಅದು ‘ಕತಬ’ ಆಗಬಹುದು, ಅಂದರೆ ಬರೆದನು. ‘ಕುತಿಬ’ ಆಗಬಹುದು, ಅಂದರೆ ಬರೆಯಲಾಯಿತು. ‘ಕುತುಬ್’ ಆಗಬಹುದು, ಅಂದರೆ ಪುಸ್ತಕಗಳು. ಯಾವುದೆಂದು ತಿಳಿಯಲು ವಾಕ್ಯದ ಅರ್ಥ ಮೊದಲೇ ಹೊಳೆದಿರಬೇಕು. ಉಳಿದವರು ಅರ್ಥವಾಗಲೆಂದು ಓದಿದರೆ ನಾವು ಓದಲು ಸಾಧ್ಯವಾಗಲೆಂದು ಅರ್ಥ ಮಾಡಿಕೊಳ್ಳಬೇಕಾಗಿದೆ ಎಂಬ ಮಾತು ಅರಬ್ಬರಲ್ಲೇ ಇದೆ. ಚಿಹ್ನೆಗಳಿದ್ದ ಕಥೆಯನ್ನು ನೀರು ಕುಡಿದಂತೆ ಓದುತ್ತಿದ್ದ ನಾಲ್ಕನೆಯ ತರಗತಿಯ ಹುಡುಗನೊಬ್ಬನಿಗೆ ಅದೇ ಕಥೆಯ ಒಂದು ಪುಟವನ್ನು ಚಿಹ್ನೆ ತೆಗೆದು ಟೈಪ್ ಮಾಡಿ ಕೊಟ್ಟಿದ್ದೆ. ಎರಡನೆಯ ಸಾಲಿಗೆ ಅವನು ನಿಂತ. ಆ ಕಥೆಯ ಸಾರಾಂಶ ಅವನ ಹಸಿರು ಪಾಸ್‌ಪೋರ್ಟಿನಲ್ಲಿ ಅಂದವಾಗಿ ಬರೆದಿತ್ತು. ಅವನ ಓದು ನನ್ನ ಮದ್ರಸದ ಓದಿಗೆ ಎಷ್ಟು ಹತ್ತಿರವಿದೆ ಎಂದು ಆಗ ನನಗೆ ತೋರಿತು.

ಇದಕ್ಕೆ ಕೂಡಿಕೊಂಡದ್ದು ಎರಡು ಭಾಷೆಗಳ ಸಂಗತಿ. ಮಗು ಮನೆಯಲ್ಲಿ ಆಡುವುದು ಆಡುನುಡಿಯಾದ ಆಮ್ಮಿಯ್ಯ, ಪುಸ್ತಕದಲ್ಲಿರುವುದು ಫುಸ್‌ಹಾ ಎಂಬ ಗ್ರಾಂಥಿಕ ಅರಬ್ಬಿ. ‘ಈಗ’ ಎನ್ನಲು ಪುಸ್ತಕದ ಮಾತು ‘ಅಲ್-ಆನ್’. ಸಿರಿಯಾದ ಮಗುವಿಗೆ ಅದು ‘ಹಲ್ಲಾ’, ಈಜಿಪ್ಟಿನ ಮಗುವಿಗೆ ‘ದಿಲ್‌ವಅತಿ’, ಸುಡಾನಿನ ಮಗುವಿಗೆ ‘ಹಸ್ಸ’, ಕೊಲ್ಲಿಯ ಮಗುವಿಗೆ ‘ಅಲ್-ಹೀನ್’. ನಮ್ಮಲ್ಲೂ ‘ಬತ್ತಾನೆ’ ಎಂದು ಆಡಿ ‘ಬರುತ್ತಾನೆ’ ಎಂದು ಬರೆಯುತ್ತೇವಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಅರಬ್ಬಿಯ ಅಂತರ ಅದಕ್ಕಿಂತ ಬಹಳ ದೊಡ್ಡದು, ಏಕೆಂದರೆ ದಿನಬಳಕೆಯ ಪದಗಳೇ ಬೇರೆ, ಪುಸ್ತಕದಲ್ಲಿರುವ ವಿಭಕ್ತಿಯ ಕೊನೆಗಳು ಆಡುಮಾತಿನಲ್ಲಿ ಉಳಿದೇ ಇಲ್ಲ. ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗೂಸನ್ 1959ರಲ್ಲಿ ಡೈಗ್ಲಾಸಿಯಾ, ಅಂದರೆ ಒಂದೇ ಸಮಾಜದಲ್ಲಿ ಬರಹಕ್ಕೊಂದು, ಮಾತಿಗೊಂದು ನುಡಿರೂಪ ಇರುವ ಸ್ಥಿತಿ, ಎಂಬ ಪರಿಕಲ್ಪನೆಯನ್ನು ವಿವರಿಸುವಾಗ ಕೊಟ್ಟ ಮುಖ್ಯ ಉದಾಹರಣೆಗಳಲ್ಲಿ ಅರಬ್ಬಿಯೂ ಒಂದು. ಬ್ಯಾರಿ ಮಾತನಾಡುತ್ತ ಕನ್ನಡ ಶಾಲೆಗೆ ಹೋದ ನನಗೆ ಈ ಮಕ್ಕಳ ಸ್ಥಿತಿ ಅರ್ಥವಾಗುತ್ತಿತ್ತು. ವ್ಯತ್ಯಾಸವೆಂದರೆ ನನಗೆ ಕನ್ನಡ ಬೇರೆ ಭಾಷೆಯೆಂದು ಎಲ್ಲರೂ ಒಪ್ಪಿಕೊಂಡು ಕಲಿಸಿದರು, ಈ ಮಕ್ಕಳಿಗೆ ಫುಸ್‌ಹಾ ಹುಟ್ಟಿನಿಂದಲೇ ಬರುತ್ತದೆಂದು ಭಾವಿಸಲಾಗುತ್ತದೆ.

ಹಾಗಾದರೆ ಈ ಕಾರ್ಯಕ್ರಮದಿಂದ ಓದು ಸುಧಾರಿಸಿದೆಯೇ? ಹಲವರು ತಟ್ಟನೆ ಕೈಹಾಕುವುದು ಪರ್ಲ್ಸ್ ಎಂಬ ಅಂತಾರಾಷ್ಟ್ರೀಯ ಪರೀಕ್ಷೆಯ ಅಂಕಗಳಿಗೆ. ನಾಲ್ಕನೆಯ ತರಗತಿಯ ಮಕ್ಕಳ ಓದನ್ನು ಐದು ವರ್ಷಕ್ಕೊಮ್ಮೆ ಅಳೆಯುವ ಈ ಪರೀಕ್ಷೆಯ ಅಳತೆಗೋಲಿನ ನಡುಬಿಂದು 500. ಸಂಯುಕ್ತ ಅರಬ್ ಎಮಿರೇಟ್ಸ್‌ನ ಸರಾಸರಿ 2016ರಲ್ಲಿ 450 ಇದ್ದದ್ದು 2021ರಲ್ಲಿ 483 ಆಯಿತು. ಈಜಿಪ್ಟಿನದು 330ರಿಂದ 378ಕ್ಕೆ ಏರಿತು. ಇದನ್ನು ಚಾಲೆಂಜ್‌ನ ಖಾತೆಗೆ ಬರೆದುಬಿಡುವುದು ಸುಲಭ. ಆದರೆ ಕೋವಿಡ್‌ನಿಂದಾಗಿ ಎಮಿರೇಟ್ಸ್ ಸೇರಿದಂತೆ ಹಲವು ದೇಶಗಳಲ್ಲಿ 2021ರ ಪರೀಕ್ಷೆ ತಡವಾಗಿ, ಮಕ್ಕಳು ಐದನೆಯ ತರಗತಿಗೆ ಕಾಲಿಟ್ಟ ಮೇಲೆ ನಡೆಯಿತು. ಆ ವಯಸ್ಸಿನಲ್ಲಿ ಅರ್ಧ ವರ್ಷ ಸಣ್ಣ ಅವಧಿಯಲ್ಲ. ಜೊತೆಗೆ ಎಮಿರೇಟ್ಸ್‌ನಲ್ಲಿ ಈ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯುವ ಶಾಲೆಗಳೂ ಇವೆ, ಆದ್ದರಿಂದ ದೇಶದ ಸರಾಸರಿ ಅರಬ್ಬಿ ಓದಿನ ಸರಾಸರಿಯಲ್ಲ. ಈಜಿಪ್ಟಿನಲ್ಲಿ ಅದೇ ಅವಧಿಯಲ್ಲಿ ಪಠ್ಯಕ್ರಮದ ಸುಧಾರಣೆಯೂ ನಡೆದಿದೆ. ಏರಿಕೆಯ ನಂತರವೂ ಈಜಿಪ್ಟ್ 378ರಲ್ಲಿದೆ, ಅದೇ 2021ರ ಪರೀಕ್ಷೆಯಲ್ಲಿ ಜೋರ್ಡಾನ್ 381, ಮೊರಾಕ್ಕೊ 372ರಲ್ಲಿವೆ. ಪರೀಕ್ಷೆ ಗುರುತಿಸುವ ಅತಿ ಕೆಳಗಿನ ಮಟ್ಟವೇ 400. ಹತ್ತು ಹಲವು ಕಾರಣಗಳು ಬೆರೆತಿರುವ ಕಡೆ ಒಂದನ್ನು ಹೆಕ್ಕಿ ತೆಗೆಯಲು ದೇಶದ ಸರಾಸರಿ ನೆರವಾಗದು. ಕಾರ್ಯಕ್ರಮವಿದ್ದ ಶಾಲೆ, ಇಲ್ಲದ ಶಾಲೆ ಎರಡನ್ನೂ ಆರಂಭದಿಂದಲೇ ಹೋಲಿಸುತ್ತ ಬರಬೇಕಾಗುತ್ತದೆ. ಎಲ್ಲ ಶಾಲೆಗಳನ್ನೂ ಮೊದಲ ದಿನವೇ ಸೇರಿಸಿಕೊಂಡಿರಿ ಎಂದಾದರೆ ಹೋಲಿಕೆಗೆ ಉಳಿಯುವುದೇನು?

ಸಂಖ್ಯೆಗಳ ವಿಷಯದಲ್ಲಿ ಅರಬ್ ಜಗತ್ತಿಗೆ ಇನ್ನೊಂದು ವಿಚಿತ್ರ ಅನುಭವವಿದೆ. ಅರಬ್ಬರು ವರ್ಷಕ್ಕೆ ಸರಾಸರಿ ಆರು ನಿಮಿಷ ಓದುತ್ತಾರೆ ಎಂಬ ಮಾತು ಬಹುಕಾಲ ಭಾಷಣಗಳಲ್ಲಿ ಸುತ್ತುತ್ತಿತ್ತು. ಅದಕ್ಕೆ ಗಟ್ಟಿಯಾದ ಆಧಾರವೇನೂ ಇರಲಿಲ್ಲ. 2016ರಲ್ಲಿ ದುಬೈಯ ಜ್ಞಾನ ಪ್ರತಿಷ್ಠಾನ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಸೇರಿ ಹೊರತಂದ ಅರಬ್ ಓದಿನ ಸೂಚ್ಯಂಕ ವರ್ಷಕ್ಕೆ ಸುಮಾರು 35 ಗಂಟೆ ಎಂದಿತು. ಆರು ನಿಮಿಷಕ್ಕೂ 35 ಗಂಟೆಗೂ ನಡುವೆ 350 ಪಟ್ಟು ಅಂತರ! ಎರಡನೆಯದು ಸಮೀಕ್ಷೆಯಿಂದ ಬಂದದ್ದು ನಿಜ, ಆದರೆ ಅಲ್ಲಿಯೂ ಜನ ತಾವೇ ಹೇಳಿದ ಉತ್ತರವೇ ಆಧಾರ. ನೀವು ಓದುತ್ತೀರಾ ಎಂದು ಕೇಳಿದರೆ ಇಲ್ಲವೆನ್ನಲು ಯಾರಿಗೂ ನಾಲಗೆ ಬಾರದು.

ಸ್ಪರ್ಧೆಯಿಲ್ಲದ ದಾರಿಯೂ ಉಂಟು. ಜೋರ್ಡಾನಿನ ಜೀವವಿಜ್ಞಾನಿ ರನಾ ದಜಾನಿ 2006ರಲ್ಲಿ ಅಮ್ಮಾನ್‌ನ ತಮ್ಮ ಬಡಾವಣೆಯ ಮಸೀದಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಥೆ ಓದಿ ಹೇಳತೊಡಗಿದರು. ‘ವಿ ಲವ್ ರೀಡಿಂಗ್’ ಎಂಬ ಹೆಸರಿನಲ್ಲಿ ಅದು ಹತ್ತಾರು ದೇಶಗಳಿಗೆ ಹರಡಿ 2017ರಲ್ಲಿ ಯುನೆಸ್ಕೊದ ಕಿಂಗ್ ಸೆಜಾಂಗ್ ಸಾಕ್ಷರತಾ ಪ್ರಶಸ್ತಿ ಪಡೆಯಿತು. ಊರಿನವರೇ ಆದ ಹೆಂಗಸೊಬ್ಬರು ಗಟ್ಟಿಯಾಗಿ ಓದುತ್ತಾರೆ, ಮಕ್ಕಳು ಕೇಳುತ್ತಾರೆ, ಪುಸ್ತಕ ಮನೆಗೆ ಒಯ್ಯುತ್ತಾರೆ. ಪಾಸ್‌ಪೋರ್ಟ್ ಇಲ್ಲ, ಬಹುಮಾನ ಇಲ್ಲ. ಫುಸ್‌ಹಾದ ಪದಗಳು ಮೊದಲು ಕಿವಿಗೆ ಬಿದ್ದು ಆಮೇಲೆ ಕಣ್ಣಿಗೆ ಬೀಳಬೇಕೆಂಬುದು ನಾನು ಮೇಲೆ ಹೇಳಿದ ತೊಡಕಿಗೆ ನೇರವಾದ ಮದ್ದು ಎಂದು ನನಗೆ ಅನ್ನಿಸುತ್ತದೆ. ನನ್ನ ಒಲವು ಈ ಕಡೆಗಿದೆ. ಆದರೂ ಸ್ಪರ್ಧೆಯ ದೆಸೆಯಿಂದಲೇ ನಮ್ಮ ಶಾಲೆಯ ಗ್ರಂಥಾಲಯಕ್ಕೆ ಹೊಸ ಅರಬ್ಬಿ ಪುಸ್ತಕಗಳ ಪೆಟ್ಟಿಗೆಗಳು ಬಂದವು, ಅದಕ್ಕೆ ಮೊದಲು ಆ ಕೋಣೆಗೆ ಬೀಗವೇ ಹೆಚ್ಚಾಗಿರುತ್ತಿತ್ತು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ನನ್ನನ್ನು ಕೇಳಿದ್ದರೆ ನಾನು ಬೇಡುತ್ತಿದ್ದುದು ಎರಡೇ ಅಳತೆ. ಮೊದಲನೆಯದು ನಮ್ಮ ದೇಶದ ಅಸರ್ ಸಮೀಕ್ಷೆಯಿಂದ ಹೊಳೆದದ್ದು. 2005ರಿಂದ ಪ್ರಥಮ್ ಸಂಸ್ಥೆ ನಡೆಸುತ್ತಿರುವ ಈ ಸಮೀಕ್ಷೆಯಲ್ಲಿ ಕರ್ನಾಟಕದ ಹಳ್ಳಿಗಳಲ್ಲೂ ಕಾರ್ಯಕರ್ತರು ಮನೆಗೆ ಹೋಗಿ ಅಕ್ಷರ, ಪದ, ಪುಟ್ಟ ಪರಿಚ್ಛೇದ, ಕಥೆ ಇರುವ ಒಂದು ಹಾಳೆಯನ್ನು ಮಗುವಿನ ಕೈಗಿಟ್ಟು ಓದಿಸುತ್ತಾರೆ. ಅದೇ ರೀತಿ ಚಾಲೆಂಜ್‌ಗೆ ಸೇರುವ ಮುಂಚೆ ಒಮ್ಮೆ, ಮುಗಿದು ಆರು ತಿಂಗಳಾದ ಮೇಲೆ ಒಮ್ಮೆ, ಲಾಟರಿ ಎತ್ತಿ ಆರಿಸಿದ ಮಕ್ಕಳಿಗೆ ಸ್ವರಚಿಹ್ನೆಯಿರುವ ಒಂದು ಪುಟ, ಇಲ್ಲದ ಒಂದು ಪುಟ ಕೊಟ್ಟು ಓದಿಸಿ, ಏನು ಓದಿದೆಯೆಂದು ಅವರ ಮನೆಮಾತಿನಲ್ಲೇ ಹೇಳಲು ಬಿಡಬೇಕು. ಫುಸ್‌ಹಾದಲ್ಲಿ ಸಾರಾಂಶ ಬರೆಯಲಾರದ ಮಗು ಅರ್ಥ ಮಾಡಿಕೊಂಡಿಲ್ಲವೆಂದೇನೂ ಅಲ್ಲ. ಎಷ್ಟೋ ಸುಡಾನಿ ಹುಡುಗರು ತಮ್ಮ ಆಡುಮಾತಿನಲ್ಲಿ ಕಥೆಯನ್ನು ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿದ್ದೇನೆ.

ಎರಡನೆಯದಕ್ಕೆ ಖರ್ಚೇ ಇಲ್ಲ. ಶಾಲಾ ಮಟ್ಟದ ಸುತ್ತು ಮುಗಿದ ಮೇಲಿನ ತಿಂಗಳುಗಳಲ್ಲಿ ಯಾರು ಪುಸ್ತಕ ಒಯ್ದರು ಎಂಬುದು ಗ್ರಂಥಾಲಯದ ರಿಜಿಸ್ಟರಿನಲ್ಲೇ ಇರುತ್ತದೆ. ಬಹುಮಾನದ ಆಸೆ ತೀರಿದ ಮೇಲೆ ಒಯ್ದ ಪುಸ್ತಕ ಒಂದೇ ಆದರೂ ಅದು ಕಾರ್ಯಕ್ರಮ ಗಳಿಸಿದ್ದು. ನನ್ನ ರಿಜಿಸ್ಟರಿನಲ್ಲಿ ಆ ಪುಟಗಳು ಬಹುಮಟ್ಟಿಗೆ ಖಾಲಿ ಇರುತ್ತಿದ್ದವು, ಆದರೆ ಪೂರ್ತಿ ಖಾಲಿಯಲ್ಲ. ಕೆಲವು ಹೆಸರುಗಳು ಮತ್ತೆ ಮತ್ತೆ ಬರುತ್ತಿದ್ದವು, ಅವರಲ್ಲಿ ಮೂರನೆಯ ಪಾಸ್‌ಪೋರ್ಟ್ ಕೂಡ ಮುಗಿಸದವರಿದ್ದರು. ತೆಳ್ಳಗಿನ ಪುಸ್ತಕ ಕೇಳಿದ ಹುಡುಗಿಯ ಹೆಸರು ಅಲ್ಲಿತ್ತೋ ಇಲ್ಲವೋ ನೆನಪಿಲ್ಲ. ಆರು ವರ್ಷಗಳಲ್ಲಿ ಎಷ್ಟೋ ವರದಿಗಳಿಗೆ ಅಂಕಿಗಳನ್ನು ತುಂಬಿ ಕಳಿಸಿದೆ. ಆ ರಿಜಿಸ್ಟರನ್ನು ತೋರಿಸಿ ಎಂದು ಯಾರೂ ಕೇಳಲಿಲ್ಲ, ಊರಿಗೆ ಮರಳುವಾಗ ಅದನ್ನು ಕಪಾಟಿನ ಕೆಳಗಿನ ಖಾನೆಯಲ್ಲಿಟ್ಟು ಬಂದೆ.